ತೋಳಿನ ಪಟ್ಟಿಗೆ ಸಿಗದ ಬಿಪಿ: ಶ್ವಾಸಕೋಶದ ರಕ್ತನಾಳಗಳ ಲೆಕ್ಕ ಹುಟ್ಟುವ ಮೊದಲೇ ಶುರು

ನಮ್ಮ ಮೈಯಲ್ಲಿ ಎರಡು ಬಿಪಿ ಇವೆ. ಒಂದನ್ನು ತೋಳಿಗೆ ಪಟ್ಟಿ ಕಟ್ಟಿ ಅಳೆಯುತ್ತಾರೆ. ಅದು ಎಲ್ಲರಿಗೂ ಗೊತ್ತು. ಇನ್ನೊಂದು ಶ್ವಾಸಕೋಶದ ರಕ್ತನಾಳಗಳ ಒಳಗಿನ ಒತ್ತಡ. ತೋಳಿನ ಪಟ್ಟಿಗೆ ಅದು ಸಿಗುವುದೇ ಇಲ್ಲ.

ಹೃದಯದ ಬಲಭಾಗ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ. ಎಡಭಾಗ ಮೈಯ ಉಳಿದೆಲ್ಲ ಕಡೆಗೆ ಕಳಿಸುತ್ತದೆ. ಎರಡೂ ಕಡೆ ಹೋಗುವ ರಕ್ತದ ಅಳತೆ ಒಂದೇ, ಸುಮ್ಮನೆ ಕೂತಿದ್ದಾಗ ನಿಮಿಷಕ್ಕೆ ಸುಮಾರು 5 ಲೀಟರ್. ಆದರೆ ಒತ್ತಡದಲ್ಲಿ ಅಜಗಜಾಂತರ. ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ ಮೈಯ ದೊಡ್ಡ ರಕ್ತನಾಳಗಳ ಸರಾಸರಿ ಒತ್ತಡ 90ರ ಆಸುಪಾಸು. ಶ್ವಾಸಕೋಶದಲ್ಲಿ ಅದು ಬರೀ 14ರಷ್ಟು. ಇಷ್ಟು ಕಡಿಮೆ ಒತ್ತಡದಲ್ಲಿ ಅಷ್ಟೂ ರಕ್ತ ಹರಿಯಬೇಕು ಅಂದರೆ ರಕ್ತನಾಳಗಳು ಲೆಕ್ಕವಿಲ್ಲದಷ್ಟು ಇರಬೇಕು. ಮೆತ್ತಗೂ ಇರಬೇಕು. ಓಡುವಾಗ ರಕ್ತದ ಹರಿವು ಮೂರು ನಾಲ್ಕು ಪಟ್ಟು ಹೆಚ್ಚುತ್ತದೆ. ಆಗ ಅಲ್ಲಿಯವರೆಗೆ ಮುಚ್ಚಿಕೊಂಡಿದ್ದ ಸಣ್ಣ ನಾಳಗಳು ತೆರೆಯುತ್ತವೆ, ತೆರೆದಿದ್ದವು ಹಿಗ್ಗುತ್ತವೆ. ಒತ್ತಡ ಹೆಚ್ಚೇನೂ ಏರುವುದಿಲ್ಲ.

ಈ ಸರಾಸರಿ ಒತ್ತಡ ವಿಶ್ರಾಂತಿಯಲ್ಲಿದ್ದಾಗಲೇ 20 ದಾಟಿದರೆ ಅದಕ್ಕೆ ಪಲ್ಮನರಿ ಹೈಪರ್‌ಟೆನ್ಷನ್ ಎನ್ನುತ್ತಾರೆ. ಮೊದಲು ಈ ಗಡಿ 25 ಇತ್ತು. 2018ರಲ್ಲಿ ಜಗತ್ತಿನ ತಜ್ಞರು ಸೇರಿ 20ಕ್ಕೆ ಇಳಿಸಿದರು. ಹೃದಯದ ಬಲಭಾಗದ ಗೋಡೆ ತೆಳು. ಒತ್ತಡ ಏರಿದರೆ ಅದು ಮೊದಲು ದಪ್ಪಗಾಗುತ್ತದೆ, ಆಮೇಲೆ ಹಿಗ್ಗುತ್ತದೆ, ಕೊನೆಗೆ ಸೋಲುತ್ತದೆ. ಹೊರಗೆ ಕಾಣುವುದು ಇಷ್ಟು: ಮೆಟ್ಟಿಲು ಹತ್ತಿದರೆ ಏದುಸಿರು, ಬೇಗ ಸುಸ್ತು, ಕಾಲು ಬಾವು, ಕೆಲವರಿಗೆ ತಲೆ ತಿರುಗಿ ಬೀಳುವುದು. ಇದನ್ನೇ ರಕ್ತ ಕಡಿಮೆ, ತೂಕ ಜಾಸ್ತಿ, ಅಸ್ತಮಾ ಎಂದುಕೊಂಡು ವರ್ಷಗಟ್ಟಲೆ ಕಳೆದುಬಿಡುತ್ತಾರೆ.

ನಾನು ಇರುವುದು ಪುಣೆಯಲ್ಲಿ. ವಾಕಡ್, ಹಿಂಜೆವಾಡಿ ಕಡೆ ಕಟ್ಟಡದ ಕೆಲಸಕ್ಕೆ ಬರುವ ಕಲಬುರಗಿ, ಯಾದಗಿರಿ, ವಿಜಯಪುರದ ಮಂದಿಯಲ್ಲಿ ಬಹಳಷ್ಟು ಜನಕ್ಕೆ ಮರಾಠಿ ಅಷ್ಟಾಗಿ ಬರುವುದಿಲ್ಲ. ಬಿಡುವಿದ್ದಾಗ ಅವರ ಜೊತೆ ಆಸ್ಪತ್ರೆಗೆ ಹೋಗಿ ಡಾಕ್ಟರ್ ಹೇಳಿದ್ದನ್ನು ಬಿಡಿಸಿ ಹೇಳುತ್ತೇನೆ. ಏದುಸಿರು ಅಂತ ಬಂದವರಿಗೆ ಡಾಕ್ಟರ್ ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠ. ಬೀಡಿ ಸೇದುತ್ತೀರಾ? ಟಿಬಿ ಆಗಿತ್ತಾ? ಸೌದೆ ಒಲೆಯಾ? ಆದರೆ ಒಂದು ಪ್ರಶ್ನೆ ಬರುವುದು ತೀರಾ ಅಪರೂಪ. "ನೀವು ಎಷ್ಟು ತಿಂಗಳಿಗೆ ಹುಟ್ಟಿದಿರಿ? ಆಗ ತೂಕ ಎಷ್ಟಿತ್ತು?" ಕೇಳಿದರೂ ಉತ್ತರ ಸಿಗುವುದು ಅದಕ್ಕಿಂತ ಅಪರೂಪ. ನಲವತ್ತು ದಾಟಿದ ಮನುಷ್ಯನ ಏದುಸಿರಿಗೂ ಅವನು ತಾಯಿಯ ಹೊಟ್ಟೆಯಲ್ಲಿದ್ದ ಒಂಬತ್ತು ತಿಂಗಳಿಗೂ ಏನು ಸಂಬಂಧ ಅನ್ನಿಸುತ್ತದೆ, ಅಲ್ವಾ? ಸಂಬಂಧ ಇದೆ. ಎಲ್ಲರಿಗೂ ಅಲ್ಲ, ಆದರೆ ಇರುವವರಿಗೆ ಅದು ಗೊತ್ತಿರಲೇಬೇಕು.

ಹೊಟ್ಟೆಯೊಳಗೆ ಶ್ವಾಸಕೋಶಕ್ಕೆ ಕೆಲಸವಿಲ್ಲ

ಹೊಟ್ಟೆಯಲ್ಲಿರುವ ಮಗು ಉಸಿರಾಡುವುದಿಲ್ಲ. ಅದಕ್ಕೆ ಆಮ್ಲಜನಕ ಬರುವುದು ಮಾಸಿನಿಂದ, ಹೊಕ್ಕುಳಬಳ್ಳಿಯ ಮೂಲಕ. ಶ್ವಾಸಕೋಶದ ತುಂಬ ನೀರಿನಂಥ ದ್ರವ. ಅಲ್ಲಿಗೆ ರಕ್ತ ಹೋಗಿ ಲಾಭವೇನೂ ಇಲ್ಲ. ಹಾಗಾಗಿ ಹೃದಯ ಪಂಪ್ ಮಾಡುವ ರಕ್ತದಲ್ಲಿ ಹತ್ತರಲ್ಲಿ ಒಂದೋ ಎರಡೋ ಪಾಲು ಮಾತ್ರ ಶ್ವಾಸಕೋಶಕ್ಕೆ ಹೋಗುತ್ತದೆ. ಉಳಿದದ್ದು ಎರಡು ಕಡೆಯಿಂದ ದಾಟಿಕೊಂಡು ಹೋಗುತ್ತದೆ. ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಒಂದು ಕಂಡಿ ಇರುತ್ತದೆ. ಶ್ವಾಸಕೋಶದ ದೊಡ್ಡ ನಾಳದಿಂದ ಮಹಾಧಮನಿಗೆ ಸೇರುವ ಒಂದು ಚಿಕ್ಕ ಕೊಳವೆಯೂ ಇರುತ್ತದೆ. ಅದರ ಹೆಸರು ಡಕ್ಟಸ್ ಆರ್ಟೀರಿಯೋಸಸ್.

ಶ್ವಾಸಕೋಶದ ನಾಳಗಳು ಆಗ ಬಿಗಿಯಾಗಿ ಮುದುಡಿಕೊಂಡಿರುತ್ತವೆ. ಅದಕ್ಕೆ ಮುಖ್ಯ ಕಾರಣ ಕಡಿಮೆ ಆಮ್ಲಜನಕ. ಮೈಯ ಬೇರೆ ಕಡೆ ಆಮ್ಲಜನಕ ಕಡಿಮೆಯಾದರೆ ರಕ್ತನಾಳ ಹಿಗ್ಗುತ್ತದೆ. ಶ್ವಾಸಕೋಶದಲ್ಲಿ ಮಾತ್ರ ಉಲ್ಟಾ, ಅಲ್ಲಿ ನಾಳ ಕುಗ್ಗುತ್ತದೆ. ಸ್ವೀಡನ್ನಿನ ಫಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ 1946ರಲ್ಲೇ ಇದನ್ನು ತೋರಿಸಿದರು. ಈ ಸ್ವಭಾವ ಬದುಕಿಡೀ ಉಳಿಯುತ್ತದೆ. ಮುಂದೆ ಬೆಟ್ಟದ ಮಾತು ಬರುತ್ತದೆ, ಅಲ್ಲಿ ಇದು ಬೇಕಾಗುತ್ತದೆ.

ಮಗು ಹುಟ್ಟಿ ಮೊದಲ ಉಸಿರು ಎಳೆದ ಗಳಿಗೆಯಲ್ಲಿ ಎಲ್ಲವೂ ತಿರುಗುತ್ತದೆ. ಗಾಳಿ ಒಳಗೆ ಹೋಗುತ್ತದೆ, ಒಳಗಿನ ದ್ರವವನ್ನು ಮೈ ಹೀರಿಕೊಳ್ಳುತ್ತದೆ, ಆಮ್ಲಜನಕ ಏರುತ್ತದೆ. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ. ಅದು ನಾಳದ ಸ್ನಾಯುವನ್ನು ಸಡಿಲ ಮಾಡುತ್ತದೆ. ಇಷ್ಟು ಸಣ್ಣ ಅನಿಲ ಮೈಯೊಳಗೆ ಸಂದೇಶ ಒಯ್ಯುತ್ತದೆ ಎಂದು ಕಂಡುಕೊಂಡವರಿಗೆ 1998ರಲ್ಲಿ ನೊಬೆಲ್ ಬಂತು. ಶ್ವಾಸಕೋಶಕ್ಕೆ ಹರಿಯುವ ರಕ್ತ ಎಂಟು ಹತ್ತು ಪಟ್ಟು ಹೆಚ್ಚುತ್ತದೆ. ಒತ್ತಡ ಮೊದಲ ದಿನವೇ ಸುಮಾರು ಅರ್ಧಕ್ಕೆ ಇಳಿದು, ಮುಂದಿನ ಕೆಲವು ವಾರಗಳಲ್ಲಿ ದೊಡ್ಡವರ ಮಟ್ಟಕ್ಕೆ ಬರುತ್ತದೆ. ಆ ಚಿಕ್ಕ ಕೊಳವೆಯೂ ಒಂದೆರಡು ದಿನದಲ್ಲಿ ಮುಚ್ಚಿಕೊಳ್ಳುತ್ತದೆ.

ಸಾವಿರಕ್ಕೆ ಸುಮಾರು ಇಬ್ಬರು ಮಕ್ಕಳಲ್ಲಿ ಈ ಬದಲಾವಣೆ ಸರಿಯಾಗಿ ಆಗುವುದಿಲ್ಲ. ಒತ್ತಡ ಇಳಿಯುವುದೇ ಇಲ್ಲ, ಮಗು ನೀಲಿಗಟ್ಟುತ್ತದೆ. ಮುಂಬೈ, ಪುಣೆಯ ದೊಡ್ಡ ಎನ್‌ಐಸಿಯುಗಳಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) ಇಂಥ ಮಕ್ಕಳಿಗೆ ಅದೇ ನೈಟ್ರಿಕ್ ಆಕ್ಸೈಡನ್ನು ಉಸಿರಿನ ಜೊತೆ ಕೊಡುತ್ತಾರೆ. ಬಹಳಷ್ಟು ಮಕ್ಕಳು ಗುಣವಾಗಿ ಮನೆಗೆ ಹೋಗುತ್ತವೆ.

ನಾಳಗಳು ಹುಟ್ಟುವ ಕಾಲ

ಬ್ರಿಟನ್ನಿನ ಲಿನ್ ರೀಡ್ ಎಂಬ ವೈದ್ಯೆ 1967ರಲ್ಲಿ ಶ್ವಾಸಕೋಶದ ಬೆಳವಣಿಗೆಯ ಕೆಲವು ನಿಯಮಗಳನ್ನು ಹೇಳಿದರು. ಇವತ್ತಿಗೂ ಅವು ಹೆಚ್ಚುಕಮ್ಮಿ ಹಾಗೇ ನಿಂತಿವೆ. ಗಾಳಿ ಹೋಗುವ ಕೊಳವೆಗಳ ಕವಲುಗಳೆಲ್ಲ ಬಸುರಿನ 16ನೇ ವಾರದ ಹೊತ್ತಿಗೆ ಮೂಡಿ ಮುಗಿದಿರುತ್ತವೆ. ಅವುಗಳ ಪಕ್ಕದಲ್ಲೇ ಸಾಗುವ ರಕ್ತನಾಳಗಳ ಕವಲುಗಳೂ ಅಷ್ಟೇ. ಆಮೇಲೆ ಅವು ಉದ್ದವಾಗುತ್ತವೆ, ಅಗಲವಾಗುತ್ತವೆ, ಆದರೆ ಹೊಸ ಕವಲು ಬರುವುದಿಲ್ಲ. ತುದಿಯಲ್ಲಿರುವ ಗಾಳಿಚೀಲಗಳು ಮತ್ತು ಅವನ್ನು ಸುತ್ತುವ ಕೂದಲಿಗಿಂತ ಸಣ್ಣ ನಾಳಗಳು ಮಾತ್ರ ತಡವಾಗಿ ಬರುತ್ತವೆ. ಕೊನೆಯ ತಿಂಗಳುಗಳಲ್ಲಿ ಶುರುವಾಗಿ, ಹುಟ್ಟಿದ ಮೇಲೂ ಮೊದಲ ಕೆಲವು ವರ್ಷ ಜೋರಾಗಿ ಬೆಳೆಯುತ್ತವೆ. ಬೆಳೆದ ಮನುಷ್ಯನ ಎರಡೂ ಶ್ವಾಸಕೋಶ ಸೇರಿ ಸರಾಸರಿ 48 ಕೋಟಿ ಗಾಳಿಚೀಲಗಳಿರುತ್ತವೆ.

ಗಾಳಿಚೀಲ ಬೆಳೆದ ಮೇಲೆ ಅದರ ಹಿಂದೆ ರಕ್ತನಾಳ ಬರುತ್ತದೆ ಎಂದೇ ಬಹಳ ಕಾಲ ಅಂದುಕೊಂಡಿದ್ದರು. ಅಮೆರಿಕದ ಸ್ಟೀವನ್ ಏಬ್‌ಮನ್ ಮತ್ತು ಸಂಗಡಿಗರು ಈ ನಂಬಿಕೆಯನ್ನು ತಿರುವಿ ಹಾಕಿದರು. ರಕ್ತನಾಳಗಳ ಬೆಳವಣಿಗೆಯನ್ನು ತಡೆದರೆ ಗಾಳಿಚೀಲಗಳೂ ಬೆಳೆಯುವುದಿಲ್ಲ ಎಂದು ಪ್ರಾಣಿಗಳಲ್ಲಿ ತೋರಿಸಿದರು. ಅಂದರೆ ನಾಳ ಬರೀ ಹಿಂಬಾಲಕ ಅಲ್ಲ, ಮುಂದೆ ನಿಂತು ಬೆಳೆಸುವುದೂ ಅದೇ. ವಿಇಜಿಎಫ್ ಎಂಬ ಪ್ರೋಟೀನ್ ಈ ನಾಳಗಳನ್ನು ಬೆಳೆಸುತ್ತದೆ. ನನ್ನ ಮಟ್ಟಿಗೆ ಈ ವಿಷಯದ ಗುಟ್ಟೆಲ್ಲ ಇಲ್ಲೇ ಇದೆ. ಬಸುರಿನಲ್ಲಿ ವಿಇಜಿಎಫ್‌ಗೆ ಅಡ್ಡ ಬರುವ ಯಾವುದೇ ತೊಂದರೆ ಶ್ವಾಸಕೋಶವನ್ನು ಎರಡು ಕಡೆಯಿಂದ ಹೊಡೆಯುತ್ತದೆ.

ಪುಣೆಯ ಸದಾಶಿವ ಪೇಟೆಯ ಒಳಗಲ್ಲಿಗಳನ್ನು ನೋಡಿದವರಿಗೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ಅಲ್ಲಿ ಗಲ್ಲಿಯ ಅಗಲ ಎಂದೋ ನಿರ್ಧಾರವಾಗಿದೆ. ಎರಡೂ ಬದಿ ಮನೆ ಎದ್ದು ನಿಂತ ಮೇಲೆ ಅಗಲ ಮಾಡಲು ಜಾಗವಿಲ್ಲ. ಸಾಮಾನ್ಯ ದಿನದ ಓಡಾಟಕ್ಕೆ ಅಷ್ಟು ಸಾಕು, ಯಾರಿಗೂ ಕೊರತೆ ಗೊತ್ತಾಗುವುದಿಲ್ಲ. ಗಣಪತಿ ಹಬ್ಬದ ಜನ ಬಂದಾಗ ಗೊತ್ತಾಗುತ್ತದೆ. ಶ್ವಾಸಕೋಶದ ನಾಳಗಳು ಹುಟ್ಟುವಾಗಲೇ ಕಡಿಮೆ ಇದ್ದರೂ ಹೀಗೇ. ಇಪ್ಪತ್ತು, ಮೂವತ್ತು ವರ್ಷ ಏನೂ ಕಾಣುವುದಿಲ್ಲ. ಎತ್ತರದ ಜಾಗ, ಸಿಗರೇಟು, ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ, ಹೃದಯದ ಎಡಭಾಗದ ತೊಂದರೆ, ಇಂಥ ಎರಡನೇ ಹೊರೆ ಬಿದ್ದಾಗ ಮೊದಲಿನ ಕೊರತೆ ಹೊರಗೆ ಬರುತ್ತದೆ.

ಗೊತ್ತಾಗಿದ್ದು ಹೇಗೆ

ಹುಟ್ಟುವ ಮುಂಚಿನ ಬದುಕು ದೊಡ್ಡವರ ಕಾಯಿಲೆಯನ್ನು ರೂಪಿಸುತ್ತದೆ ಎಂಬ ವಿಚಾರವನ್ನು ಗಟ್ಟಿಯಾಗಿ ಹೇಳಿದವರು ಇಂಗ್ಲೆಂಡಿನ ಡೇವಿಡ್ ಬಾರ್ಕರ್. 1986ರಲ್ಲಿ ಅವರು ಇಂಗ್ಲೆಂಡಿನ ಹಳೇ ದಾಖಲೆಗಳನ್ನು ನೋಡಿದರು. ಒಂದು ಕಾಲಕ್ಕೆ ಹಸುಗೂಸುಗಳು ಹೆಚ್ಚು ಸತ್ತ ಊರುಗಳಲ್ಲೇ ಹಲವು ದಶಕಗಳ ಮೇಲೆ ಹೃದಯಾಘಾತ ಜಾಸ್ತಿ. 1989ರಲ್ಲಿ ಹಾರ್ಟ್‌ಫರ್ಡ್‌ಶೈರ್‌ನ ಗಂಡಸರ ಹುಟ್ಟಿದ ತೂಕಕ್ಕೂ ಹೃದಯದ ಕಾಯಿಲೆಯ ಸಾವಿಗೂ ನಂಟು ತೋರಿಸಿದರು.

ಇದಾದ ಮೇಲೆ ಕಥೆ ನಮ್ಮ ಮೈಸೂರಿಗೆ ಬರುತ್ತದೆ. ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿತ್ತು. ಆ ರಿಜಿಸ್ಟರುಗಳು ಉಳಿದುಕೊಂಡಿದ್ದವು. ಸಂಶೋಧಕರು ಅದರಲ್ಲಿದ್ದ ಹೆಸರುಗಳನ್ನು ಹಿಡಿದು ಹುಡುಕಿದರು, ಮಧ್ಯವಯಸ್ಸು ದಾಟಿದ ಜನ ಸಿಕ್ಕರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಜಾಸ್ತಿ ಎಂದು 1996ರಲ್ಲಿ ಪ್ರಕಟವಾಯಿತು. ಮರುವರ್ಷ ಶ್ವಾಸಕೋಶದ ಫಲಿತಾಂಶ ಬಂತು. ಹುಟ್ಟಿದಾಗ ತೂಕ ಕಡಿಮೆ ಇದ್ದಷ್ಟೂ ದೊಡ್ಡವರಾದ ಮೇಲೆ ಒಂದು ಸೆಕೆಂಡಿನಲ್ಲಿ ಹೊರಗೆ ಊದಬಲ್ಲ ಗಾಳಿ ಕಡಿಮೆ. ಇದು ಗಾಳಿಕೊಳವೆಯ ಅಳತೆ, ನಾಳದ ಒತ್ತಡದ್ದಲ್ಲ. ಆದರೆ ಎರಡೂ ಒಟ್ಟಿಗೇ ಬೆಳೆಯುತ್ತವೆ ಎಂದು ನೋಡಿದೆವಲ್ಲ. ಯಾರೋ ದಾದಿಯರು ಎಂಬತ್ತು ತೊಂಬತ್ತು ವರ್ಷದ ಹಿಂದೆ ತಪ್ಪದೆ ತೂಕ ಬರೆದಿಟ್ಟಿದ್ದು ಜಗತ್ತಿನ ವೈದ್ಯಕ್ಕೆ ಎಷ್ಟು ಉಪಕಾರವಾಯಿತು ನೋಡಿ. ಕನ್ನಡದವರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬೇಕು.

ನಾಳದ ಒತ್ತಡವನ್ನೇ ಅಳೆದ ಅಧ್ಯಯನಗಳು ಬಂದದ್ದು ಬೆಟ್ಟದಿಂದ. ಸ್ವಿಟ್ಜರ್ಲೆಂಡಿನ ಸಂಶೋಧಕರು ಕೆಲವು ಯುವಕ ಯುವತಿಯರನ್ನು ಆರಿಸಿಕೊಂಡರು. ಹುಟ್ಟಿದ ಹೊಸತರಲ್ಲಿ ಇವರ ಶ್ವಾಸಕೋಶದ ಒತ್ತಡ ಕೆಲವು ದಿನ ಏರಿತ್ತು, ಆಮೇಲೆ ಪೂರ್ತಿ ಗುಣವಾಗಿತ್ತು. ಊರಲ್ಲಿ ಇವರಿಗೂ ಬೇರೆಯವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಆಲ್ಪ್ಸ್‌ನ 4,559 ಮೀಟರ್ ಎತ್ತರದ ಮಾರ್ಗರಿಟಾ ಗುಡಿಸಲಿಗೆ ಕರೆದೊಯ್ದಾಗ ಇವರ ಒತ್ತಡ ಬೇರೆಯವರಿಗಿಂತ ಬಹಳ ಏರಿತು. 1999ರಲ್ಲಿ ಇದು ಪ್ರಕಟವಾಯಿತು. ಹುಟ್ಟಿದ ವಾರ ಆದ ಪೆಟ್ಟಿನ ಗುರುತು ಅಷ್ಟು ವರ್ಷ ಮೈಯಲ್ಲಿ ಸುಮ್ನೆ ಕೂತಿತ್ತು.

ಅದೇ ತಂಡ ಬೊಲಿವಿಯದ ಲಾ ಪಾಸ್‌ನಲ್ಲಿ ಇನ್ನೊಂದು ಕೆಲಸ ಮಾಡಿತು. ಆ ಊರು ಸುಮಾರು 3,600 ಮೀಟರ್ ಎತ್ತರದಲ್ಲಿದೆ. ಬಸುರಿನಲ್ಲಿ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗುವ ಪ್ರಿ-ಎಕ್ಲಾಂಪ್ಸಿಯ ಆಗಿದ್ದ ತಾಯಂದಿರ ಮಕ್ಕಳನ್ನು ಪರೀಕ್ಷಿಸಿದರು. ಅವರ ಶ್ವಾಸಕೋಶದ ಒತ್ತಡ ಬೇರೆ ಮಕ್ಕಳಿಗಿಂತ ಸುಮಾರು ಶೇ. 30 ಜಾಸ್ತಿ ಇತ್ತು. 2010ರ ಈ ವರದಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಬೇರೊಂದು ಅಂಶ. ಅದೇ ತಾಯಂದಿರಿಗೆ, ತೊಂದರೆಯಿಲ್ಲದ ಬಸುರಿನಲ್ಲಿ ಹುಟ್ಟಿದ್ದ ಒಡಹುಟ್ಟಿದವರ ನಾಳಗಳು ಸರಿಯಾಗೇ ಇದ್ದವು. ತಂದೆ ತಾಯಿಯಿಂದ ಬಂದ ವಂಶದ ದೋಷವಾಗಿದ್ದರೆ ಅವರಲ್ಲೂ ಕಾಣಬೇಕಿತ್ತು. ಹಾಗಾಗಿ ಕಾರಣ ಆ ಒಂದು ಬಸುರಿನಲ್ಲೇ ಇದೆ.

ಆ ಕಾರಣ ಕೆಲಸ ಮಾಡುವ ಬಗೆಯೂ ಈಗ ಸ್ವಲ್ಪ ಸ್ಪಷ್ಟವಾಗಿದೆ. ಪ್ರಿ-ಎಕ್ಲಾಂಪ್ಸಿಯದಲ್ಲಿ ಕಾಯಿಲೆಬಿದ್ದ ಮಾಸು ಒಂದು ಪ್ರೋಟೀನನ್ನು ಜಾಸ್ತಿ ಬಿಡುತ್ತದೆ. ಅದು ವಿಇಜಿಎಫ್ ಅನ್ನು ಹಿಡಿದು ಕಟ್ಟಿಹಾಕುತ್ತದೆ. ಇದೇ ಪ್ರೋಟೀನನ್ನು ಬಸುರಿ ಇಲಿಗಳ ಗರ್ಭದ ನೀರಿಗೆ ಸೇರಿಸಿ ನೋಡಿದಾಗ ಮರಿಗಳ ಶ್ವಾಸಕೋಶದಲ್ಲಿ ನಾಳಗಳು ಕಡಿಮೆಯಾದವು, ಗಾಳಿಚೀಲಗಳು ಕಡಿಮೆಯಾದವು, ಹೃದಯದ ಬಲಭಾಗ ದಪ್ಪಗಾಯಿತು.

ಇನ್ನೊಂದು ದಾರಿ ಜೀನುಗಳ ಮೇಲೆ ಬೀಳುವ ಗುರುತು. ಜೀನು ಬದಲಾಗುವುದಿಲ್ಲ, ಅದನ್ನು ಎಷ್ಟು ಬಳಸಬೇಕು ಎಂಬುದು ಬದಲಾಗುತ್ತದೆ. ಬಸುರಿನಲ್ಲಿ ಇಲಿಗಳಿಗೆ ಆಹಾರ ಕಡಿಮೆ ಕೊಟ್ಟಾಗ ಮರಿಗಳು ದೊಡ್ಡವಾದ ಮೇಲೆ, ಆಮ್ಲಜನಕ ಕಡಿಮೆ ಇರುವ ಕಡೆ ಅವುಗಳ ಶ್ವಾಸಕೋಶದ ನಾಳ ಅತಿಯಾಗಿ ಕುಗ್ಗಿತು. ಶ್ವಾಸಕೋಶದ ಡಿಎನ್‌ಎ ಮೇಲೆ ರಾಸಾಯನಿಕ ಗುರುತುಗಳು ಜಾಸ್ತಿ ಇದ್ದವು. ಆ ಬಗೆಯ ಗುರುತುಗಳನ್ನು ಬದಲಿಸುವ ಔಷಧಿ ಕೊಟ್ಟಾಗ ನಾಳಗಳ ವರ್ತನೆ ಸರಿಹೋಯಿತು. 2011ರ ಈ ಇಲಿ ಪ್ರಯೋಗ ಮನುಷ್ಯರ ಚಿಕಿತ್ಸೆಯಾಗಿಲ್ಲ. ಆದರೆ ಹುಟ್ಟಿನ ಮುಂಚೆ ಬಿದ್ದ ಗುರುತು ಕಲ್ಲಿನ ಮೇಲಿನ ಶಾಸನ ಅಲ್ಲ ಎಂದು ಅದು ಹೇಳುತ್ತದೆ.

ತಿಂಗಳು ತುಂಬದೆ ಹುಟ್ಟಿದವರ ಮಾತು ಬೇರೆಯಾಗೇ ಹೇಳಬೇಕು. 28 ವಾರಕ್ಕೆ ಹುಟ್ಟಿದ ಮಗುವಿನ ಶ್ವಾಸಕೋಶದಲ್ಲಿ ಗಾಳಿಚೀಲಗಳು ಇನ್ನೂ ಶುರುವೇ ಆಗಿರುವುದಿಲ್ಲ. ಕತ್ತಲಲ್ಲಿ, ದ್ರವದಲ್ಲಿ, ಕಡಿಮೆ ಆಮ್ಲಜನಕದಲ್ಲಿ ಬೆಳೆಯಬೇಕಿದ್ದ ನಾಳಗಳು ವೆಂಟಿಲೇಟರಿನ ಒತ್ತಡದಲ್ಲಿ, ಜಾಸ್ತಿ ಆಮ್ಲಜನಕದಲ್ಲಿ ಬೆಳೆಯುತ್ತವೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹೀಗೆ ಬೇಗ ಹುಟ್ಟಿದ ಕೆಲವರನ್ನು ಇಪ್ಪತ್ತರ ಹರೆಯದಲ್ಲಿ ಪರೀಕ್ಷಿಸಿದರು. ನೋಡಲು ಆರೋಗ್ಯವಾಗೇ ಇದ್ದರು. ಹೃದಯದೊಳಗೆ ತೆಳು ಕೊಳವೆ ಬಿಟ್ಟು ಅಳೆದಾಗ ಶ್ವಾಸಕೋಶದ ಒತ್ತಡ, ತಿಂಗಳು ತುಂಬಿ ಹುಟ್ಟಿದವರಿಗಿಂತ ಹೆಚ್ಚಿತ್ತು, ನಾಳಗಳು ಗಡುಸಾಗಿದ್ದವು. ಭಾರತದಲ್ಲಿ 2020ರಲ್ಲಿ ಸುಮಾರು 30 ಲಕ್ಷ ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟಿದರು. ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ. ಮೊದಲಾಗಿದ್ದರೆ ಇವರಲ್ಲಿ ಬಹಳಷ್ಟು ಮಕ್ಕಳು ಉಳಿಯುತ್ತಿರಲಿಲ್ಲ. ಈಗ ಉಳಿಯುತ್ತಿದ್ದಾರೆ, ಅದು ದೊಡ್ಡ ಗೆಲುವು. ಇವರು ನಲವತ್ತಕ್ಕೆ ಬಂದಾಗ ನೋಡುವ ಡಾಕ್ಟರುಗಳು ಈಗಿನಿಂದಲೇ ತಯಾರಾಗಬೇಕು.

ಮುಂಬೈ, ಪುಣೆಯಲ್ಲಿ ಕಂಡದ್ದು

ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ 1993ರಲ್ಲಿ ಊರ ಹತ್ತಿರದ ಆರು ಹಳ್ಳಿಗಳಲ್ಲಿ ಬಸುರಿಯರ ಅಧ್ಯಯನ ಶುರು ಮಾಡಿದರು. ಅಲ್ಲಿ ಹುಟ್ಟಿದ ಮಕ್ಕಳ ಸರಾಸರಿ ತೂಕ 2.7 ಕೆಜಿ ಆಸುಪಾಸು. ಇಂಗ್ಲೆಂಡಿನ ಸೌತಾಂಪ್ಟನ್ ಮಕ್ಕಳದು 3.5 ಕೆಜಿ. ನಮ್ಮ ಮಕ್ಕಳ ಸ್ನಾಯು ಕಡಿಮೆ, ಹೊಟ್ಟೆಯೊಳಗಿನ ಅಂಗಗಳು ಸಣ್ಣವು, ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟು ಕಡಿಮೆಯಿಲ್ಲ. ಆ ಅಧ್ಯಯನದ ಕಣ್ಣು ಇದ್ದದ್ದು ಮಧುಮೇಹದ ಮೇಲೆ, ಶ್ವಾಸಕೋಶದ ಮೇಲಲ್ಲ. ಆದರೂ ನಮ್ಮ ವಿಷಯಕ್ಕೆ ಅದು ಬೇಕು. ಪೋಷಣೆ ಸಾಲದಾದಾಗ ಮಗುವಿನ ಮೈ ಮೊದಲು ಮೆದುಳನ್ನು ಕಾಯುತ್ತದೆ, ಉಳಿದ ಅಂಗಗಳಿಗೆ ಕೊಡುವುದನ್ನು ಕಡಿತ ಮಾಡುತ್ತದೆ.

ಮುಂಬೈಯಲ್ಲಿ 1,217 ಹೆಂಗಸರನ್ನು ಬಸುರಿನಿಂದ ಹೆರಿಗೆಯವರೆಗೆ ಗಮನಿಸಿದ ಅಧ್ಯಯನ 2004ರಲ್ಲಿ ಬಂತು. ಹೊಗೆಯಿಲ್ಲದ ತಂಬಾಕು ಬಳಸುವವರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆ ಇತ್ತು. ಬೇಗ ಹೆರಿಗೆಯೂ ಜಾಸ್ತಿ. ಈ ಊರುಗಳಲ್ಲಿ ಇರುವವರಿಗೆ ಮಿಶ್ರಿ ಗೊತ್ತಿರುತ್ತದೆ. ತಂಬಾಕನ್ನು ಕಪ್ಪಗೆ ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುತ್ತಾರೆ. ನಮ್ಮ ಕಡೆಯಿಂದ ಬಂದ ಹೆಂಗಸರೂ ಪಕ್ಕದ ಮನೆಯವರನ್ನು ನೋಡಿ ಕಲಿಯುತ್ತಾರೆ. ಊರಲ್ಲಾದರೆ ಎಲೆ ಅಡಿಕೆಯ ಜೊತೆ ತಂಬಾಕು. "ನಾನೇನು ಬೀಡಿ ಸೇದ್ತೀನಾ ಅಕ್ಕಾ, ಹಲ್ಲು ಉಜ್ಜೋದು ಅಷ್ಟೇ" ಎನ್ನುತ್ತಾರೆ. ವಸಡಿನಿಂದ ರಕ್ತಕ್ಕೆ ಸೇರಿದ ನಿಕೋಟಿನ್ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ. ಹೊಗೆ ಇಲ್ಲದಿದ್ದರೆ ಅಪಾಯವಿಲ್ಲ ಎನ್ನುವ ನಂಬಿಕೆ ಪೂರ್ತಿ ತಪ್ಪು. ಇದನ್ನು ಬಿಡಿಸುವ ಕೆಲಸ ಬಸುರಿ ಎಂದು ಗೊತ್ತಾಗುವ ಮೊದಲೇ ಆಗಬೇಕು.

ಆಹಾರಕ್ಕೂ ಇದೇ ಮಾತು. ಮುಂಬೈಯ ಕೊಳಗೇರಿಗಳಲ್ಲಿ 'ಸರಸ್' ಎಂಬ ಪ್ರಯೋಗ ನಡೆಯಿತು. ಹಸಿರು ಸೊಪ್ಪು, ಹಣ್ಣು, ಹಾಲು ಸೇರಿಸಿ ಮಾಡಿದ ತಿಂಡಿಯನ್ನು ಬಸುರಾಗುವ ಮೊದಲಿನಿಂದಲೇ ಹೆಂಗಸರಿಗೆ ಕೊಟ್ಟರು. ಎಲ್ಲರನ್ನೂ ಸೇರಿಸಿ ನೋಡಿದರೆ ಮಕ್ಕಳ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಬಸುರಾಗುವ ಕನಿಷ್ಠ ಮೂರು ತಿಂಗಳ ಮೊದಲೇ ತಿನ್ನಲು ಶುರು ಮಾಡಿದವರ ಮಕ್ಕಳು ಮಾತ್ರ ಸರಾಸರಿ 48 ಗ್ರಾಂ ಜಾಸ್ತಿ ತೂಗಿದರು. ತೀರಾ ತೆಳ್ಳಗಿದ್ದ ತಾಯಂದಿರಲ್ಲಿ ಈ ಫಲವೂ ಅಷ್ಟಾಗಿ ಕಾಣಲಿಲ್ಲ. ಶ್ವಾಸಕೋಶದ ಕವಲುಗಳು 16 ವಾರಕ್ಕೇ ಮುಗಿಯುತ್ತವೆ ಎಂಬುದನ್ನು ಇದರ ಪಕ್ಕ ಇಟ್ಟು ನೋಡಿ. ನಮ್ಮಲ್ಲಿ ಬಸುರಿಗೆ ಉಪಚಾರ ಶುರುವಾಗುವುದೇ ಐದು ಏಳನೇ ತಿಂಗಳಿಗೆ, ಕುಬಸದ ಹೊತ್ತಿಗೆ. ಅಷ್ಟರಲ್ಲಿ ದೊಡ್ಡ ನಾಳಗಳ ಲೆಕ್ಕ ಮುಗಿದಿರುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಇದನ್ನೆಲ್ಲ ಓದಿ ತಾಯಿಯ ಮೇಲೆ ಗೂಬೆ ಕೂರಿಸಬೇಡಿ. ಎಂಟನೇ ತಿಂಗಳಲ್ಲೂ ಇಟ್ಟಿಗೆ ಹೊರುವ ಹೆಂಗಸು ಬೇಕೆಂದು ಹೊರುತ್ತಿಲ್ಲ. ಪ್ರಿ-ಎಕ್ಲಾಂಪ್ಸಿಯ ಯಾರ ತಪ್ಪಿನಿಂದಲೂ ಬರುವುದಿಲ್ಲ. ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ ಎಂದು ಸರ್ಕಾರದ್ದೇ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅರ್ಧ ದೇಶದ ತಾಯಂದಿರು ಬೇಜವಾಬ್ದಾರಿ ಎನ್ನಲು ಬರುತ್ತದೆಯೇ? ಕೂಲಿಯ ಜೊತೆ ಊಟ, ವಿಶ್ರಾಂತಿ, ತಪಾಸಣೆಗೆ ರಜೆ ಕೊಡದ ಗುತ್ತಿಗೆದಾರನ ಪಾಲೂ ಇದರಲ್ಲಿದೆ.

ಮಾತ್ರೆಗಳ ವಿಷಯ

ಕಬ್ಬಿಣ, ಫೋಲಿಕ್ ಆಸಿಡ್, ಕ್ಯಾಲ್ಸಿಯಂ ಮಾತ್ರೆಗಳು ಸರ್ಕಾರಿ ಕೇಂದ್ರಗಳಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವವರಿಗೆ ಆ ಮಾತ್ರೆ ಪ್ರಿ-ಎಕ್ಲಾಂಪ್ಸಿಯದ ಅಪಾಯವನ್ನು ತಗ್ಗಿಸುತ್ತದೆ. ಅಪಾಯ ಹೆಚ್ಚಿರುವವರಿಗೆ ಡಾಕ್ಟರ್ 16 ವಾರದೊಳಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಶುರು ಮಾಡುತ್ತಾರೆ. ಹೆರಿಗೆ ಬೇಗ ಆಗುವ ಸೂಚನೆ ಇದ್ದರೆ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ತೋರಿಸಿದ ಈ ದಾರಿ ಲೆಕ್ಕವಿಲ್ಲದಷ್ಟು ಮಕ್ಕಳ ಉಸಿರು ಉಳಿಸಿದೆ. ಸ್ಟೀರಾಯ್ಡ್ ಎಂದು ಕೇಳಿ ಹೆದರುವವರು ಬಹಳ. ಇಲ್ಲಿ ಹೆದರಬೇಕಿಲ್ಲ.

ಹೆದರಬೇಕಾದದ್ದು ಸೊಂಟನೋವಿಗೆ ಅಂಗಡಿಯಿಂದ ತಂದು ನುಂಗುವ ಮಾತ್ರೆಗೆ. ಐಬುಪ್ರೊಫೇನ್, ಡೈಕ್ಲೋಫೆನಾಕ್ ಬಗೆಯ ನೋವಿನ ಮಾತ್ರೆಗಳು ಕೊನೆಯ ತಿಂಗಳುಗಳಲ್ಲಿ ಡಕ್ಟಸ್ ಕೊಳವೆಯನ್ನು ಹೊಟ್ಟೆಯೊಳಗೇ ಮುಚ್ಚಿಸಬಹುದು. ಆಗ ರಕ್ತವೆಲ್ಲ ಬಿಗಿದ ಶ್ವಾಸಕೋಶದ ಕಡೆಗೇ ನುಗ್ಗುತ್ತದೆ, ನಾಳಗಳ ಗೋಡೆ ದಪ್ಪವಾಗುತ್ತದೆ. 20 ವಾರದ ನಂತರ ಡಾಕ್ಟರನ್ನು ಕೇಳದೆ ಇವನ್ನು ತಗೊಳ್ಳಲೇಬಾರದು. ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೇನ್ ಸೇರಿಸಿದ ಮಾತ್ರೆಗಳು ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುತ್ತವೆ. ಪಟ್ಟಿಯ ಹಿಂದೆ ಬರೆದದ್ದನ್ನು ಓದಿ, ಇಲ್ಲದಿದ್ದರೆ ಅಂಗಡಿಯವರಿಗೆ ಬಸುರಿ ಎಂದು ಬಾಯಿಬಿಟ್ಟು ಹೇಳಿ.

ಸಿಲ್ಡೆನಾಫಿಲ್ ಕಥೆಯೂ ತಿಳಿದಿರಲಿ. ದೊಡ್ಡವರ ಶ್ವಾಸಕೋಶದ ಬಿಪಿಗೆ ಇದು ಒಳ್ಳೆಯ ಔಷಧಿ. ಹೊಟ್ಟೆಯಲ್ಲಿ ಬೆಳೆಯದ ಮಗುವಿಗೂ ರಕ್ತ ಹೆಚ್ಚಿಸಬಹುದು ಎಂದು ಕೆಲವು ದೇಶಗಳಲ್ಲಿ ಬಸುರಿಯರಿಗೆ ಕೊಟ್ಟು ನೋಡಿದರು. ನೆದರ್‌ಲೆಂಡ್ಸ್‌ನಲ್ಲಿ, ಔಷಧಿ ಪಡೆದ ತಾಯಂದಿರ ಮಕ್ಕಳಲ್ಲೇ ಹುಟ್ಟಿದ ಮೇಲೆ ಶ್ವಾಸಕೋಶದ ಒತ್ತಡ ಏರಿದ್ದು ಜಾಸ್ತಿ ಕಂಡು, 2018ರಲ್ಲಿ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ದೊಡ್ಡವರಿಗೆ ಹಿತವಾದದ್ದು ಹೊಟ್ಟೆಯೊಳಗಿನ ನಾಳಗಳಿಗೂ ಹಿತ ಎಂದು ಊಹಿಸುವಂತಿಲ್ಲ.

ಈಗ ದೊಡ್ಡವರಾಗಿರುವವರಿಗೆ

ಬೇಗ ಹುಟ್ಟಿದವರು ಇದನ್ನು ಓದಿ ಕಂಗಾಲಾಗಬೇಡಿ. ಪಲ್ಮನರಿ ಹೈಪರ್‌ಟೆನ್ಷನ್‌ನಲ್ಲಿ ಶ್ವಾಸಕೋಶದ ಅಪಧಮನಿಗಳೇ ಕಾಯಿಲೆ ಬೀಳುವ ಬಗೆ ಹತ್ತು ಲಕ್ಷ ಜನರಲ್ಲಿ 15ರಿಂದ 50 ಮಂದಿಗೆ ಮಾತ್ರ ಇರುತ್ತದೆ. ಬೇಗ ಹುಟ್ಟಿದವರಲ್ಲಿ ಅದು ಹೆಚ್ಚು ಎಂದು ಸ್ವೀಡನ್ನಿನ ದಾಖಲೆಗಳು ತೋರಿಸಿವೆ ನಿಜ. ಹೆಚ್ಚಾದರೂ ಅಪರೂಪವೇ. ನಿಮ್ಮ ಕೈಯಲ್ಲಿರುವುದು ಎರಡನೇ ಹೊರೆ ಬೀಳದಂತೆ ನೋಡಿಕೊಳ್ಳುವುದು. ಸಿಗರೇಟು ಬೇಡ. ಜೋರು ಗೊರಕೆ, ಹಗಲು ತೂಕಡಿಕೆ ಇದ್ದರೆ ತೋರಿಸಿ. ಕಾರಣವಿಲ್ಲದ ಏದುಸಿರು ಇದ್ದರೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿ. ಎಕೋ ಬರೀ ಅಂದಾಜು ಹೇಳುತ್ತದೆ. ಖಚಿತ ಮಾಡಿಕೊಳ್ಳಲು ಹೃದಯದ ಬಲಭಾಗಕ್ಕೆ ಕೊಳವೆ ಬಿಟ್ಟು ಅಳೆಯಬೇಕಾಗುತ್ತದೆ.

ಪುಣೆ, ಮುಂಬೈಯ ಹುಡುಗ ಹುಡುಗಿಯರಿಗೆ ಟ್ರೆಕ್ಕಿಂಗ್ ಹುಚ್ಚು. ಸಹ್ಯಾದ್ರಿಗೆ ಹೋಗಿ ಬನ್ನಿ. ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿ ಕೂಡ 1,646 ಮೀಟರ್ ಅಷ್ಟೇ. ಆದರೆ ಲೇಹ್ 3,500 ಮೀಟರ್. ವಿಮಾನದಲ್ಲಿ ಹೋದರೆ ಒಂದೇ ಬೆಳಗ್ಗೆ ಅಷ್ಟು ಏರಿಬಿಡುತ್ತೀರಿ. ತುಂಬಾ ಬೇಗ ಹುಟ್ಟಿದವರು, ಹುಟ್ಟಿದಾಗ ವೆಂಟಿಲೇಟರಿನಲ್ಲಿದ್ದವರು ಹೋಗುವ ಮೊದಲು ಡಾಕ್ಟರಿಗೆ ಈ ಇತಿಹಾಸ ಹೇಳಿ, ನಿಧಾನವಾಗಿ ಏರುವ ಯೋಜನೆ ಮಾಡಿಕೊಳ್ಳಿ.

ಆ ಇತಿಹಾಸ ಹೇಳಲು ಕಾಗದ ಇರಬೇಕಲ್ಲ. ಇಲ್ಲಿ ವಲಸೆಯವರಿಗೆ ದೊಡ್ಡ ತೊಡಕಿದೆ. ಬಸುರಿನ ಮೊದಲ ತಪಾಸಣೆ ಪುಣೆಯಲ್ಲಿ, ಮರಾಠಿ ಕಾರ್ಡಿನಲ್ಲಿ. ಏಳನೇ ತಿಂಗಳಿಗೆ ತವರಿಗೆ ಹೋಗುತ್ತಾರೆ, ಅಲ್ಲಿ ಕನ್ನಡದ ತಾಯಿ ಕಾರ್ಡ್. ಹೆರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ, ಅಲ್ಲಿ ಇನ್ನೊಂದು ಡಿಸ್‌ಚಾರ್ಜ್ ಚೀಟಿ. ಮಗು ಒಂದು ವರ್ಷವಾಗುವಷ್ಟರಲ್ಲಿ ಮೂರೂ ಮೂರು ಕಡೆ. ಆದ್ದರಿಂದ ನಾನು ಜೊತೆಗೆ ಹೋಗುವ ಮನೆಯವರಿಗೆಲ್ಲ ಹೇಳುವುದು, ಡಿಸ್‌ಚಾರ್ಜ್ ಆದ ದಿನವೇ ಮೂರರದ್ದೂ ಮೊಬೈಲಿನಲ್ಲಿ ಫೋಟೊ ತೆಗೆದು ಅಪ್ಪ, ಅಮ್ಮ, ಚಿಕ್ಕಪ್ಪ ಎಲ್ಲರ ಫೋನಿಗೂ ಕಳಿಸಿಡಿ. ಎಷ್ಟನೇ ವಾರಕ್ಕೆ ಹುಟ್ಟಿತು, ತೂಕ ಎಷ್ಟು, ತಾಯಿಗೆ ಬಿಪಿ ಇತ್ತೇ, ಮಗುವಿಗೆ ಆಮ್ಲಜನಕ ಅಥವಾ ವೆಂಟಿಲೇಟರ್ ಎಷ್ಟು ದಿನ ಕೊಟ್ಟರು, ಈ ನಾಲ್ಕು ಅದರಲ್ಲಿ ಇವೆಯೇ ನೋಡಿ. ಇಲ್ಲದಿದ್ದರೆ ಬೆಡ್ ಬಿಡುವ ಮೊದಲೇ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ದೊಡ್ಡವರಾದವರು, ಅಮ್ಮನೋ ಅಜ್ಜಿಯೋ ಇದ್ದರೆ ಈ ವಾರವೇ ಫೋನ್ ಮಾಡಿ ಇಷ್ಟನ್ನು ಕೇಳಿಕೊಂಡು ನಿಮ್ಮ ಫೈಲಿನ ಮೊದಲ ಹಾಳೆಯಲ್ಲಿ ಬರೆದುಕೊಳ್ಳಿ. ಅವರಿಗೆ ವಾರ ನೆನಪಿರಲಿಕ್ಕಿಲ್ಲ. ಎಷ್ಟನೇ ತಿಂಗಳು, ಯಾವ ಆಸ್ಪತ್ರೆ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರೇ ಎಂಬುದು ಸಾಮಾನ್ಯವಾಗಿ ನೆನಪಿರುತ್ತದೆ. ಡಾಕ್ಟರಿಗೆ ಅಷ್ಟು ಸಿಕ್ಕರೂ ಉಪಯೋಗವಾಗುತ್ತದೆ.